ಒಂದು ಹೆಚ್ಚು

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಸಂಜೆ ಏಳಕ್ಕೆ
ಪಕ್ಕದ ಹಿಟ್ಟಿನ ಗಿರಣಿ ನಿಂತ ಮೇಲೆ
ಕೇಳಿಸುವುದು ನಮ್ಮ ಪಂಪು ಮಾತ್ರ.
ಹಗಲೂ ರಾತ್ರಿ ಗಾಳಿ ಹೀರಿ ಹೀರಿ
ಯಂತ್ರದ ಹೊಟ್ಟೆಯಲ್ಲಿ ಏನೂ ಇಲ್ಲದ್ದನ್ನು ಕಾಯುತ್ತದೆ.
ಏನೂ ಇಲ್ಲದ್ದನ್ನು ಕಾಯುವುದು ಸಲೀಸಲ್ಲ,
ಕರೆಂಟು ಹೋದ ದಿನ ಗೊತ್ತಾಗುತ್ತದೆ.

ಇವತ್ತಿನ ಹಾಲು ನಲವತ್ತೊಂದು ಬಾಟಲಿ.
ಊರಿನ ಹೆಸರಿಲ್ಲ, ಬರೀ ನಂಬರು.
ಒಡೆಸಿ, ತಿಳಿ ಬಸಿದು,
ಆ ತಿಳಿಯ ಒಂದು ಹನಿಯನ್ನು
ಕೂದಲಷ್ಟೇ ತೂರಬಲ್ಲ ಸೂಜಿಗೆ ಕೊಡುತ್ತೇನೆ.
ತುದಿಯಲ್ಲಿ ನಾಲ್ಕು ಸಾವಿರ ವೋಲ್ಟು.
ಹನಿ ಅಲ್ಲಿ ಹನಿಯಾಗಿ ಉಳಿಯದು,
ಮಂಜಾಗಿ ಚಿಮ್ಮುತ್ತದೆ,
ಬಿಸಿ ಗಾಳಿಗೆ ಕಿರಿದಾಗುತ್ತ, ಇನ್ನೂ ಕಿರಿದಾಗುತ್ತ...
ಬೇಲೂರಿನ ಕೊನೆ ಬಸ್ಸು ನೆನೆಸಿಕೊಳ್ಳಿ:
ಹೋಗ್ತಾ ಹೋಗ್ತಾ ಸೀಟು ಕಡಿಮೆಯಾಗುವ ಬಸ್ಸು,
ಇಳಿಯುವವರು ಯಾರೂ ಇಲ್ಲ,
ಒಳಗಿರುವವರೆಲ್ಲ ಒಂದೇ ಥರದ ಸಿಟ್ಟಿನವರು.
ಒಂದು ಗಳಿಗೆಗೆ ಬಸ್ಸೇ ಇಲ್ಲ.
ಜನ ಮಾತ್ರ, ಗಾಳಿಯಲ್ಲಿ,
ತಮ್ಮ ತಮ್ಮ ಭಾರದೊಡನೆ.

ವಿದ್ಯುತ್ತು ಹೊತ್ತವರನ್ನಷ್ಟೇ ಯಂತ್ರ ತೂಗುತ್ತದೆ.
ಹೊರದವರು, ಜಿಡ್ಡು ಸಕ್ಕರೆ ಮತ್ತಿತರ
ಯಾರ ಗೊಡವೆಗೂ ಹೋಗದವರು,
ಬಾಗಿಲಲ್ಲೇ ಕುಂತು ಕಂದು ಕಲೆಯಾಗುತ್ತಾರೆ.
ಶನಿವಾರ ಅವರನ್ನು ಒರೆಸುವುದು ನನ್ನ ಕೆಲಸ.
ವರದಿಯಲ್ಲಿ ಅವರು ಬರುವುದಿಲ್ಲ,
ನನ್ನ ಬಟ್ಟೆಯ ತುಂಡಿನಲ್ಲಿ ಬರುತ್ತಾರೆ.

ಅಣುವಿನ ತಲೆಗೆ ಆ ಹೊರೆ ಏರಿಸುವವರು ಯಾರು?
ಇರುವೆ.
ತಮಾಷೆಯಲ್ಲ.
ಸಾವಿರಕ್ಕೊಂದು ಪಾಲು ಬೆರೆಸುವ ಈ ಆಮ್ಲ
ಮೊದಲು ಸಿಕ್ಕಿದ್ದು ಇರುವೆಯನ್ನು ಬಟ್ಟಿ ಇಳಿಸಿದವರಿಗೆ.
ಈಗ ಸೀಸೆಯಲ್ಲಿ ಬರುತ್ತದೆ. ಮುಚ್ಚಳ ತಿರುವಿದರೆ ಮೂಗು ಉರಿದು
ಹಾನುಬಾಳಿನ ದೊಡ್ಡಮ್ಮ ಕಾಣುತ್ತಾಳೆ,
ಚಗಳಿ ಗೂಡನ್ನು ಬಾಣಲೆಗೆ ಕೊಡವಿ
ಮೆಣಸು ಬೆಳ್ಳುಳ್ಳಿ ಇಟ್ಟು ಅರೆದು
"ಚುರ್ ಅಂತಲ್ಲ, ಅದು ಹುಣಸೆಯಲ್ಲ, ಚಗಳಿ ಕೊಟ್ಟಿದ್ದು" ಎಂದವಳು.
ಆ ಚುರ್ ಎಂಬುದೇ ಪ್ರೋಟಾನು.
ಇರುವುದು ಅದೊಂದೇ, ಅದನ್ನೂ ಸಿಕ್ಕವರಿಗೆ ಕೊಟ್ಟುಬಿಡುತ್ತದೆ.
ಹಾಗಾಗಿ ಮುನ್ನೂರ ಐವತ್ತೊಂಬತ್ತು ತೂಗುವ ಔಷಧಿ
ನನ್ನ ಪರದೆಯಲ್ಲಿ ಮುನ್ನೂರ ಅರವತ್ತು.
ಒಂದು ಹೆಚ್ಚು. ಇರುವೆಯ ಲೆಕ್ಕ.

ಆಚೆ ಕೋಣೆಯ ಹಳೆಯ ಯಂತ್ರಕ್ಕೆ ಈ ನಯವಿಲ್ಲ.
ಕಾದ ತಂತಿಯಿಂದ ಎಲೆಕ್ಟ್ರಾನು ಬೀರಿ
ಬಂದವರನ್ನು ಬಂದಂತೆ ಚೂರು ಮಾಡಿ
ಚೂರುಗಳ ಬಾಯಲ್ಲಿ ಹೆಸರು ಕೇಳುತ್ತದೆ.
"ಅದು ಹೊಡೆದು ಬಾಯಿ ಬಿಡಿಸುತ್ತೆ,
ಇದು ಕೈಗೊಂದು ಕಾಸಿಟ್ಟು ಮಾತಾಡಿಸುತ್ತೆ"
ಅನ್ನುತ್ತಿದ್ದರು ಶಾಂತವೀರಪ್ಪ ಸರ್, ನಿವೃತ್ತರಾಗುವ ಮುಂಚೆ.
ನಾನು ನಂಬಿದ್ದೆ.
ಕಾಸು ಇಸಕೊಂಡು ಒಳಗೆ ಬಂದವರಿಗೂ
ಎರಡನೇ ಕೋಣೆಯಲ್ಲಿ ಆರ್ಗಾನ್ ಕಾದಿರುತ್ತದೆ.
ಮುನ್ನೂರ ಅರವತ್ತು ಒಡೆದು ಮುನ್ನೂರ ಹದಿನಾರಾದರೇ ಸಾಕ್ಷಿ.
ನಯವಾಗಿ ಕೇಳಿದ್ದನ್ನು ಕಾನೂನು ಕೇಳುವುದಿಲ್ಲ.

ಇಪ್ಪತ್ತೇಳನೇ ಬಾಟಲಿಗೆ ಗೆರೆ ಎದ್ದಿತು,
ಕಟಾವಾದ ಹೊಲದಲ್ಲಿ ಬಿಟ್ಟುಹೋದ
ಒಂದೇ ಜೋಳದ ದಂಟಿನ ಹಾಗೆ.

ಬೆಳಗ್ಗೆ, ವರದಿ ಅಚ್ಚಾಗುವ ಮೊದಲೇ,
ಗೇಟಿನಲ್ಲಿ ದುದ್ದದ ಕಡೆಯ ಚೌಡಮ್ಮ.
"ಕೆಚ್ಚಲು ಬಾವಿಗೆ ಮೂರು ಸೂಜಿ ಹಾಕ್ಸಿದ್ದೆ ಕಣವ್ವ,
ವಾರ ಹಾಲು ಹಾಕ್ಬ್ಯಾಡ ಅಂದಿದ್ರು.
ನಮ್ ಹೈದ ತಿಳೀದೆ ಡೈರಿಗೆ ಹುಯ್ದವ್ನೆ.
ಊರಿನ ಹಾಲೆಲ್ಲ ಚೆಲ್ಲಿಸ್ಬ್ಯಾಡಿ, ನಂದೊಂದು ಚೆಲ್ಲಿ."
ಅವಳಿಗೆ ಯಾರೂ ವೋಲ್ಟು ಕೊಟ್ಟಿರಲಿಲ್ಲ,
ಕೈಗೆ ಕಾಸೂ ಇಟ್ಟಿರಲಿಲ್ಲ.

ಎಲ್ಲ ಸೇರಿಹೋಗಿರುತ್ತೆ, ಬೇರೆ ಮಾಡೋಕಾಗಲ್ಲ,
ನಿಮ್ಮೂರಿನ ನಂಬರೂ ನನಗೆ ಗೊತ್ತಿಲ್ಲ ಅಂದೆ.
ಅದು ನಿಜ. ಇಪ್ಪತ್ತೇಳು ಅನ್ನುವುದು ಮಾತ್ರ
ನಾಲಿಗೆಯ ತುದಿಯಲ್ಲಿತ್ತು.
ಅವಳು ಗಾಜಿನಾಚೆಗೆ ಬಗ್ಗಿ
"ಇದ್ಕೂ ಸೂಜಿನಾ?" ಅಂದಳು,
ಆಮೇಲೆ ಮೂಗರಳಿಸಿ
ಗೋಡೆಯ ಮೂಲೆ, ಮೇಜಿನ ಕೆಳಗೆ
ಸುತ್ತ ಒಮ್ಮೆ ನೋಡಿ:
"ಇಲ್ಲೆಲ್ಲೋ ಇರುವೆ ಗೂಡೈತೆ ಕಣವ್ವ."